ನಾಳೆ ಬೆಳಗ್ಗೆ ಅವನು ಎಲ್ಲಿಗೆ ಹೋಗಬೇಕು?



ಎಸ್‌ಎಸ್‌ಎಲ್‌ಸಿ ರಿಸಲ್ಟ್ ದಿನ ನಮ್ಮ ನ್ಯೂಸ್ ರೂಮಿನಲ್ಲಿ ಒಂದೇ ಗಲಾಟೆ. 625ಕ್ಕೆ 625 ಯಾರದು? ಆ ಮನೆಗೆ ಮೊದಲು ಯಾವ ಚಾನೆಲ್ ಹೋಯ್ತು? ಅಮ್ಮ ಮಗಳ ಬಾಯಿಗೆ ಸ್ವೀಟ್ ಇಡೋ ಶಾಟ್ ಸಿಕ್ತಾ? ಇಷ್ಟು ವರ್ಷ ನಾನೂ ಅದನ್ನೇ ಮಾಡಿದ್ದೇನೆ. ಈ ಸಲ ಬುಲೆಟಿನ್ ಮುಗಿಸಿ ಎದ್ದಾಗ ಒಬ್ಬ ತಾಯಿಯ ಫೋನ್ ಬಂತು. "ಸಾರ್, ನನ್ನ ಮಗನೂ ಪಾಸಾಗಿದ್ದಾನೆ. ನಾಳೆ ಬೆಳಗ್ಗೆ ಎದ್ದು ಅವನು ಎಲ್ಲಿಗೆ ಹೋಗಬೇಕು?"

ಹುಡುಗನಿಗೆ ಬೌದ್ಧಿಕ ನ್ಯೂನತೆ ಇದೆ. ವಯಸ್ಸು 18. ಪರೀಕ್ಷೆಗೆ ಬರೆಯೋರನ್ನ ಕೊಟ್ಟರು, ಹೆಚ್ಚು ಸಮಯ ಕೊಟ್ಟರು, ಮೇಷ್ಟ್ರೂ ಒಳ್ಳೆಯವರೇ. ಆದರೆ ಒಬ್ಬನೇ ಸಿಟಿ ಬಸ್ ಹತ್ತೋಕೆ ಬರಲ್ಲ. 100 ರೂಪಾಯಿ ಕೊಟ್ಟು 70 ರೂಪಾಯಿ ಸಾಮಾನು ತಗೊಂಡರೆ ಎಷ್ಟು ವಾಪಸ್ ಬರಬೇಕು ಅಂತ ಗೊತ್ತಾಗಲ್ಲ. ತ್ರಿಕೋನಮಿತಿ ಪಾಠದಲ್ಲಿ ಮಾತ್ರ ವರ್ಷವಿಡೀ ಕೂತಿದ್ದ.

ಕಾನೂನು ಇಲ್ವಾ? ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಅನ್ನುತ್ತೆ. ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಶೇ. 3ರಿಂದ ಶೇ. 4ಕ್ಕೆ ಏರಿದ್ದೂ ಅದರಿಂದಲೇ. ಆಟಿಸಂ, ಬೌದ್ಧಿಕ ನ್ಯೂನತೆ ಇರೋರಿಗೆ 1995ರ ಕಾಯ್ದೆಯಲ್ಲಿ ಈ ಮೀಸಲಾತಿ ಇರಲೇ ಇಲ್ಲ, ಈಗ ಇದೆ. ಖಾಸಗಿ ಕಂಪನಿಗಳ ಮೇಲೆ ಕಡ್ಡಾಯ ಇಲ್ಲ. ಶೇ. 5ರಷ್ಟು ಜನರನ್ನು ತೆಗೆದುಕೊಳ್ಳಲಿ ಅಂತ ಅವರಿಗೆ ಪ್ರೋತ್ಸಾಹ ಕೊಡಬೇಕು, ಅಷ್ಟೇ. ಸರಿ, ಆದರೆ ಕೆಲಸ ಮಾಡೋಕೆ ಕಲಿಸೋದು ಯಾವಾಗ? ಶಾಲೆ ಮುಗಿಯೋವರೆಗೆ ಶಿಕ್ಷಣ ಇಲಾಖೆ. ಮುಗಿದ ಮೇಲೆ ವಿಕಲಚೇತನರ ಇಲಾಖೆ. ಎರಡರ ನಡುವೆ ಈ ಮಕ್ಕಳು ಮನೆಯ ಟಿವಿ ಮುಂದೆ ಕೂರುತ್ತಾರೆ. ನಮ್ಮ ಟಿಆರ್‌ಪಿಗೆ ಒಳ್ಳೆಯದು ಬಿಡಿ.

ಕಲಿಸೋದು ಅಂದರೆ ಮೇಣದಬತ್ತಿ, ಕಾಗದದ ಕವರ್ ಅಷ್ಟೇ ಅಲ್ಲ. ಎಂಟು, ಒಂಬತ್ತನೇ ಕ್ಲಾಸಿನಿಂದಲೇ ಗಡಿಯಾರ ನೋಡಿ ಹೊರಡೋದು, ಬಸ್ ನಂಬರ್ ಗುರುತಿಸೋದು, ಬಾತ್‌ರೂಮ್ ಎಲ್ಲಿ ಅಂತ ಕೇಳೋದು, ಯಾರಾದರೂ ಮೈ ಮುಟ್ಟಿದರೆ ಬೇಡ ಅನ್ನೋದು ಕಲಿಸಬೇಕು. ಆಮೇಲೆ ವಾರಕ್ಕೊಂದು ದಿನ ನಿಜವಾದ ಕೆಲಸದ ಜಾಗ: ಬೇಕರಿ, ನರ್ಸರಿ, ಪ್ಯಾಕಿಂಗ್ ಘಟಕ. ಮೊದಲು ಟೀಚರ್ ಪಕ್ಕದಲ್ಲೇ ನಿಲ್ಲಬೇಕು, ಆಮೇಲೆ ಬಾಗಿಲ ಹತ್ತಿರ, ಆಮೇಲೆ ಬರಲೇಬಾರದು. ಇದಕ್ಕೆ ತಿಂಗಳುಗಳೇ ಬೇಕು. ರಿಸಲ್ಟ್ ಬಂದ ಮೇಲೆ ಮೂರು ದಿನದ ಶಿಬಿರ ಮಾಡಿ ಸರ್ಟಿಫಿಕೇಟ್ ಕೊಟ್ಟರೆ ಆಗಲ್ಲ.

ಆಗಲ್ಲ ಅನ್ನೋರು ನಮ್ಮ ಹುಬ್ಬಳ್ಳಿ ಕಡೆ ನೋಡಿ. 2017ರಲ್ಲಿ ಅಲ್ಲಿ ಶುರುವಾದ ಮಿಟ್ಟಿ ಕೆಫೆಯನ್ನು ನಡೆಸೋರು ಇಂಥ ಯುವಕ ಯುವತಿಯರೇ. 2023ರಲ್ಲಿ ಅದು ಸುಪ್ರೀಂ ಕೋರ್ಟ್ ಆವರಣಕ್ಕೂ ಹೋಯಿತು. ಅಂಥದ್ದೇ ಒಂದು ಕಡೆ ಶೂಟಿಂಗ್‌ಗೆ ಹೋಗಿದ್ದೆ. ಕಾಫಿ ತಂದ ಹುಡುಗನ ಎದುರೇ ಮ್ಯಾನೇಜರನ್ನು ಕೇಳಿದೆ, "ಇವನಿಗೆ ಸಂಬಳ ಎಷ್ಟು?" ನಮ್ಮ ಕ್ಯಾಮೆರಾಮನ್ ಮೆಲ್ಲಗೆ, "ಸಾರ್, ಅವನನ್ನೇ ಕೇಳಿ" ಅಂದ. ಕೇಳಿದೆ. ಹುಡುಗ ಹೇಳಿದ. ಜತೆಗೆ, ಅದರಲ್ಲಿ ಅಮ್ಮನಿಗೆ ಎಷ್ಟು ಕೊಡ್ತೀನಿ ಅನ್ನೋದನ್ನೂ ಹೇಳಿದ. ಆವತ್ತಿನ ನಾಚಿಕೆ ಇನ್ನೂ ಹೋಗಿಲ್ಲ.

ಊರಿಗೆಲ್ಲ ಬುದ್ಧಿ ಹೇಳೋ ನಮ್ಮ ಚಾನೆಲ್‌ನಲ್ಲೇ ಇಂಥ ಒಬ್ಬರೂ ಕೆಲಸಕ್ಕಿಲ್ಲ. ಎಚ್‌ಆರ್‌ನವರನ್ನು ಕೇಳಿದೆ, ನಕ್ಕರು. ಸೋಮವಾರ ಮತ್ತೆ ಕೇಳ್ತೀನಿ. ಆ ತಾಯಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಬೇಕರಿ, ಹೋಟೆಲ್, ನರ್ಸರಿ ಇಟ್ಟವರು ಯಾರಾದರೂ ಈಗ ನೋಡ್ತಾ ಇದ್ದರೆ ನಮ್ಮ ಆಫೀಸಿಗೆ ಒಂದು ಫೋನ್ ಮಾಡಿ. ಹುಡುಗ ಬೆಳಗ್ಗೆ ಆರಕ್ಕೇ ಏಳ್ತಾನಂತೆ.