ಬಾಣಂತಿಯ ಎಂಟು ತಾಸು: ಕೊಪ್ಪಳದ ಆರೋಗ್ಯ ಸಂಶೋಧನೆಗಳು ತೋರಿಸುವ ಒಂದು ಕೊರತೆ



ಕೊಪ್ಪಳ ಜಿಲ್ಲೆಯ ಈ ಹೇಮಗುಡ್ಡ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ದುರ್ಗಾಪರಮೇಶ್ವರಿ, ಇಲ್ಲಿಯ ದಸರೆ, ಗುಡ್ಡದ ಕೋಟೆ ಮತ್ತು ಹತ್ತಿರದ ಕುಮ್ಮಟದುರ್ಗದ ಗಂಡುಗಲಿ ಕುಮಾರರಾಮ. ಇತಿಹಾಸಕಾರರು ಈ ಸೀಮೆಯನ್ನು ಹುಡುಕಿಕೊಂಡು ಬಂದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಇನ್ನೊಂದು ಬಗೆಯ ಸಂಶೋಧಕರೂ ಕಳೆದ ಕಾಲು ಶತಮಾನದಿಂದ ಕೊಪ್ಪಳ ಜಿಲ್ಲೆಗೆ ಬರುತ್ತಿದ್ದಾರೆ. ಅವರು ಶಾಸನ ಓದಲಿಲ್ಲ, ಮನೆಗಳ ಬಾಗಿಲು ತಟ್ಟಿದರು. ಯಾರಿಗೆ ಕಾಯಿಲೆ, ಯಾರಿಗೆ ಔಷಧ, ಯಾವ ಬಾಣಂತಿ ಏಕೆ ಸತ್ತಳು, ಯಾವ ಕೂಸು ಹೇಗೆ ಉಳಿಯಿತು ಎಂದು ಕೇಳಿ ಬರೆದುಕೊಂಡರು. ಅವರ ಬರಹ ಇಂಗ್ಲಿಷಿನ ವೈದ್ಯಕೀಯ ಪತ್ರಿಕೆಗಳಲ್ಲಿ ಅಚ್ಚಾಗಿ ಜಿನೀವಾ, ಲಂಡನ್ನಿನ ವಿದ್ವಾಂಸರಿಗೆ ಪರಿಚಿತವಾಯಿತು. ಉತ್ತರ ಕೊಟ್ಟ ಊರುಗಳಿಗೆ ಮಾತ್ರ ತಮ್ಮ ಉತ್ತರ ಏನಾಯಿತೆಂಬ ಸುದ್ದಿ ಹೆಚ್ಚಾಗಿ ಮುಟ್ಟಲಿಲ್ಲ. ಆ ಬರಹಗಳನ್ನು ಒಟ್ಟಿಗೆ ಇಟ್ಟು ಓದಿದರೆ ಎದ್ದು ಕಾಣುವ ಒಂದೇ ವಿಷಯವನ್ನು ಇಂದು ವಾದಕ್ಕೆ ತರುತ್ತಿದ್ದೇನೆ. ನಮ್ಮ ಜಿಲ್ಲೆಯ ಆರೋಗ್ಯಕ್ಕೆ ವೈದ್ಯರು, ಹಾಸಿಗೆ, ಔಷಧ ಕಡಿಮೆ ಎಂಬುದು ನಿಜ. ಅದಕ್ಕಿಂತ ದೊಡ್ಡ ಕೊರತೆ ಆರೈಕೆ ಮಾಡುವ ಹೆಣ್ಣಿನ ಸಮಯದ್ದು. ಆ ಸಮಯ ಯಾವ ಇಲಾಖೆಯ ಲೆಕ್ಕಪುಸ್ತಕದಲ್ಲೂ ಇಲ್ಲದಿರುವುದರಿಂದ ಅದನ್ನು ತುಂಬಿಕೊಡುವ ಪ್ರಯತ್ನವೂ ಸಾಕಷ್ಟು ನಡೆದಿಲ್ಲ.

ತೀರಾ ಸಣ್ಣದೊಂದು ಜೀವದಿಂದ ಆರಂಭಿಸೋಣ. ಎರಡು ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಕೂಸು ತನ್ನ ಮೈಯ ಬಿಸಿಯನ್ನು ತಾನೇ ಹಿಡಿದಿಟ್ಟುಕೊಳ್ಳಲಾರದು. ಬೇಗ ತಣ್ಣಗಾಗುತ್ತದೆ, ಹಾಲು ಚೀಪುವ ಶಕ್ತಿ ಸಾಲುವುದಿಲ್ಲ, ಸೋಂಕು ಬೇಗ ತಗಲುತ್ತದೆ. ಇಂಥ ಕೂಸುಗಳಿಗೆ ಗಾಜಿನ ಪೆಟ್ಟಿಗೆ ಸಾಲದಿದ್ದಾಗ, 1978ರ ಸುಮಾರಿಗೆ ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ ಎಡ್ಗರ್ ರೇ ಸನಾಬ್ರಿಯಾ ಎಂಬ ವೈದ್ಯರು ಕೂಸನ್ನು ಬರಿಮೈಯಲ್ಲಿ ತಾಯಿಯ ಎದೆಗೆ ನೆಟ್ಟಗೆ ಕಟ್ಟುವ ಕ್ರಮ ತಂದರು. ಕಾಂಗರೂ ಆರೈಕೆ ಎಂದು ಇಂದು ನಮ್ಮ ಆಸ್ಪತ್ರೆಗಳಲ್ಲಿ ಹೇಳುವುದು ಇದನ್ನೇ. ಬಡದೇಶದ ಅನಿವಾರ್ಯಕ್ಕೆ ಹುಟ್ಟಿದ ಉಪಾಯ ಇದು, ಯಂತ್ರ ಸಿಗದವರಿಗೆ ಮಾತ್ರ ಎಂದು ಬಹಳ ಕಾಲ ತಜ್ಞರೇ ಉದಾಸೀನ ಮಾಡಿದ್ದರು. ಘಾನಾ, ಭಾರತ, ಮಲಾವಿ, ನೈಜೀರಿಯಾ, ಟಾಂಜಾನಿಯಾದ ಐದು ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗ ಆ ಉದಾಸೀನಕ್ಕೆ ತೆರೆ ಎಳೆಯಿತು. ಒಂದರಿಂದ 1.8 ಕಿಲೋ ಒಳಗಿನ ಕೂಸುಗಳನ್ನು ಹುಟ್ಟಿದ ಕೂಡಲೇ ಎದೆಗೆ ಕಟ್ಟಿದ ಗುಂಪಿನಲ್ಲಿ 28 ದಿನದೊಳಗೆ ಸತ್ತವು ಶೇ. 12. ಮೊದಲು ಯಂತ್ರದಲ್ಲಿಟ್ಟು, ಸ್ಥಿತಿ ಸುಧಾರಿಸಿದ ಮೇಲೆ ಎದೆಗೆ ಕೊಟ್ಟ ಗುಂಪಿನಲ್ಲಿ ಶೇ. 15.7. ವ್ಯತ್ಯಾಸ ಎಷ್ಟು ಸ್ಪಷ್ಟವಿತ್ತೆಂದರೆ ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಿದರು. ಮೊದಲ ಗುಂಪಿನ ಕೂಸುಗಳು ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ದಿನಕ್ಕೆ ಸುಮಾರು ಹದಿನೇಳು ತಾಸು ಯಾರದಾದರೂ ಎದೆಯ ಮೇಲಿದ್ದವು. ಈ ಔಷಧದ ಪ್ರಮಾಣವನ್ನು ಅಳೆಯುವುದು ಮಿಲಿಗ್ರಾಮಿನಲ್ಲಲ್ಲ, ತಾಸಿನಲ್ಲಿ ಎಂಬುದನ್ನು ದಯವಿಟ್ಟು ಗಮನದಲ್ಲಿಡಿ.

ಇನ್ನು ಕೊಪ್ಪಳಕ್ಕೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆ ಇಥಿಯೋಪಿಯಾ ಮತ್ತು ಭಾರತದಲ್ಲಿ ಈ ಆರೈಕೆಯನ್ನು ಇಡೀ ಜಿಲ್ಲೆಗಳ ಮಟ್ಟಕ್ಕೆ ಹರಡುವುದು ಹೇಗೆಂದು ನೋಡಲು ಒಂದು ಅಧ್ಯಯನ ನಡೆಸಿತು. ಭಾರತದಲ್ಲಿ ಹರಿಯಾಣ, ಉತ್ತರ ಪ್ರದೇಶದ ಜೊತೆಗೆ ಆಯ್ಕೆಯಾದದ್ದು ಕರ್ನಾಟಕದ ಕೊಪ್ಪಳ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಮತ್ತು ಕರ್ನಾಟಕ ಆರೋಗ್ಯ ಸಂವರ್ಧನಾ ಟ್ರಸ್ಟ್ ಸರ್ಕಾರದೊಂದಿಗೆ ಕೂಡಿ ಇಲ್ಲಿ ಕೆಲಸ ಮಾಡಿದವು. ಎದೆಯ ಬರಿಮೈ ಸ್ಪರ್ಶ ದಿನಕ್ಕೆ ಕನಿಷ್ಠ ಎಂಟು ತಾಸು, ಜೊತೆಗೆ ಎದೆಹಾಲು ಮಾತ್ರ: ಇವೆರಡೂ ಇದ್ದರೆ ಆರೈಕೆ ಪರಿಣಾಮಕಾರಿ ಎಂಬುದು ಅವರ ಅಳತೆ. 2021ರಲ್ಲಿ ಫಲಿತಾಂಶ ಪ್ರಕಟವಾಯಿತು. ಆಸ್ಪತ್ರೆಯಿಂದ ಬಿಡುಗಡೆಯಾಗುವ ಹೊತ್ತಿಗೆ ಭಾರತದ ಜಿಲ್ಲೆಗಳಲ್ಲಿ ಎರಡು ಕಿಲೋ ಒಳಗಿನ ಕೂಸುಗಳ ಪೈಕಿ ಒಟ್ಟಾರೆ ಶೇ. 55ಕ್ಕೆ ಇಂಥ ಆರೈಕೆ ಸಿಕ್ಕಿತ್ತು. ಹತ್ತಿರಹತ್ತಿರ ಶೂನ್ಯದಿಂದ ಹೊರಟ ಕೆಲಸಕ್ಕೆ ಇದು ದೊಡ್ಡ ಗೆಲುವು, ಇದರಲ್ಲಿ ನಮ್ಮ ಜಿಲ್ಲೆಯ ದಾದಿಯರ ಪಾಲೂ ಇದೆ. ಮನೆಗೆ ಹೋದ ಏಳು ದಿನಗಳ ನಂತರ ಮತ್ತೆ ನೋಡಿದಾಗ ಹೆಚ್ಚಿನ ಕಡೆ ಶೇ. 53ರಿಂದ 65ರಷ್ಟು ಕೂಸುಗಳಿಗೆ ಆರೈಕೆ ಮುಂದುವರಿದಿತ್ತು. ಹಾಗೆ ಮುಂದುವರಿಯದ ಕಡೆಗಳು ಎರಡೇ: ಇಥಿಯೋಪಿಯಾದ ಒರೊಮಿಯಾದಲ್ಲಿ ಶೇ. 38, ಕರ್ನಾಟಕದಲ್ಲಿ ಶೇ. 36. ಕರ್ನಾಟಕ ಎಂದರೆ ಇಲ್ಲಿ ಕೊಪ್ಪಳ.

ಈ ಅಂಕಿಗೆ ಒಂದು ಸುಲಭದ ಸಮಾಧಾನವಿದೆ. ಕೂಸು ಬೆಳೆದಂತೆ ಎದೆಗೆ ಕಟ್ಟಿದರೆ ಮಿಸುಕಾಡುತ್ತದೆ, ಆರೈಕೆ ತಾನಾಗಿಯೇ ನಿಲ್ಲುತ್ತದೆ, ಅದರಲ್ಲಿ ತಪ್ಪೇನು ಎಂದು ಕೇಳಬಹುದು. ಆದರೆ ಹರಿಯಾಣದ ಕೂಸೂ ಅದೇ ರೀತಿ ಬೆಳೆಯುತ್ತದೆ, ಅಲ್ಲಿ ಹೀಗೆ ಇಳಿಯಲಿಲ್ಲ. ಇನ್ನೊಂದು ಉತ್ತರ ನಮ್ಮ ತಾಯಂದಿರಿಗೆ ತಿಳಿವಳಿಕೆ ಕಡಿಮೆ ಎನ್ನುವುದು. ಭಾಷಣಗಳಲ್ಲಿ ಇದು ಬಲು ಜನಪ್ರಿಯ ಉತ್ತರ, ಏಕೆಂದರೆ ಹೇಳುವವರಿಗೆ ಖರ್ಚಿಲ್ಲ. ಆಸ್ಪತ್ರೆಯಲ್ಲಿ ಎಂಟು ತಾಸು ಕೂಸನ್ನು ಎದೆಗಿಟ್ಟುಕೊಂಡ ತಾಯಿ ಅದನ್ನು ಹೊಸ್ತಿಲು ದಾಟುವಾಗ ಮರೆಯಲಾರಳು. ಮರೆವಿಗೆ ಬದಲಾಗಿ ಆ ಮನೆಯ ದಿನಚರಿಯನ್ನು ನೋಡಬೇಕು. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಅದರಲ್ಲಿ ತೊಡಗಿದ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಸುಮಾರು ಐದು ತಾಸು ರೊಟ್ಟಿ, ಕಸ, ಬಟ್ಟೆಗಳಿಗೆ ಹೋದವಳ ದಿನದಲ್ಲಿ ಎದೆಯ ಮೇಲೆ ಕೂಸಿರುವ ಎಂಟು ತಾಸು ಎಲ್ಲಿಂದ ಬರಬೇಕು? ಗಂಗಾವತಿ ಭಾಗದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ನಾಟಿಗೆ ಕೈ ಸಾಲದು, ಕೂಲಿ ಹೆಣ್ಣಿನ ಪ್ರತಿ ದಿನಕ್ಕೂ ಬೆಲೆಯುಂಟು. ಕುಷ್ಟಗಿ, ಯಲಬುರ್ಗಾದ ಒಣಬೇಸಾಯದ ಊರುಗಳಲ್ಲಿ ಮಳೆ ಕೈಕೊಟ್ಟ ವರ್ಷ ಗುಳೆ ಹೋಗುತ್ತಾರೆ, ಮನೆಯಲ್ಲಿ ಉಳಿಯುವವರು ಮುದುಕರು ಮತ್ತು ಮಕ್ಕಳು. ಹೆರಿಗೆಗೆ ತವರಿಗೆ ಬಂದವಳ ಹೆಸರು ಗಂಡನ ಊರಿನ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿರುತ್ತದೆ, ಕೂಸು ಇರುವುದು ಇನ್ನೊಬ್ಬ ಆಶಾಳ ಊರಲ್ಲಿ.

ಈ ಮಾತಿಗೆ ಹಳೆಯ ಸಾಕ್ಷ್ಯವೂ ಇದೆ. ಈ ಶತಮಾನದ ಆರಂಭದಲ್ಲಿ ಬೆಂಗಳೂರಿನ ಐಐಎಂನಿಂದ ಗೀತಾ ಸೇನ್, ಅದಿತಿ ಅಯ್ಯರ್, ಆಶಾ ಜಾರ್ಜ್ ಮತ್ತು ಸಂಗಡಿಗರು ಕೊಪ್ಪಳದ ಹಳ್ಳಿಗಳಲ್ಲಿ ಲಿಂಗ ಮತ್ತು ಆರೋಗ್ಯ ಸಮಾನತೆಯ ಕುರಿತು ದೀರ್ಘಕಾಲದ ಅಧ್ಯಯನ ಕೈಗೊಂಡರು. ದೀರ್ಘ ಕಾಯಿಲೆಗೆ ಯಾರು ಔಷಧ ತೆಗೆದುಕೊಳ್ಳುತ್ತಾರೆ, ಯಾರು ತೆಗೆದುಕೊಳ್ಳುವುದೇ ಇಲ್ಲ, ಯಾರು ಅರ್ಧಕ್ಕೆ ಬಿಡುತ್ತಾರೆ ಎಂದು ಮನೆಮನೆಯಲ್ಲಿ ವಿಚಾರಿಸಿದರು. ಅನುಕೂಲಸ್ಥ ಗಂಡಸರು ಮೇಲಿನ ತುದಿಯಲ್ಲಿ, ಬಡ ಹೆಂಗಸರು ಕೆಳಗಿನ ತುದಿಯಲ್ಲಿ ಇದ್ದುದು ಆಶ್ಚರ್ಯವೇನಲ್ಲ. ಅವರ ಅಧ್ಯಯನ ಬೆಲೆಬಾಳುವುದು ನಡುವಿನವರ ಬಗ್ಗೆ ತೋರಿಸಿದ್ದಕ್ಕೆ. ಬಡ ಗಂಡಸು ಹಣದಲ್ಲಿ ಸೋತರೂ ಗಂಡಸುತನದಲ್ಲಿ ಗೆಲ್ಲುತ್ತಾನೆ. ಮನೆಯಲ್ಲಿ ಇರುವ ಅಲ್ಪಸ್ವಲ್ಪ ಹಣ ಮತ್ತು ಗಮನ ಮೊದಲು ಅವನ ಔಷಧಕ್ಕೆ ಸಲ್ಲುತ್ತದೆ. 2012ರಲ್ಲಿ ಗೀತಾ ಸೇನ್ ಮತ್ತು ಅದಿತಿ ಅಯ್ಯರ್ ಪ್ರಕಟಿಸಿದ ಲೇಖನದ ವಾದ ಇದರ ಸುತ್ತಲೇ ಇದೆ. ಅಂದರೆ ಬಡತನದ ಭಾರ ಮನೆಯ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ, ಒಲೆಯ ಮುಂದೆ ಕೂತವಳ ಕಡೆಗೆ ಜಾರುತ್ತದೆ. ಹಣದ ವಿಷಯದಲ್ಲಿ ಅವರು ಕಂಡದ್ದನ್ನು ಸಮಯದ ವಿಷಯಕ್ಕೆ ನಾನು ಅನ್ವಯಿಸುತ್ತಿದ್ದೇನೆ. ಈ ಹೆಜ್ಜೆ ನನ್ನದು, ಅದರ ಹೊಣೆಯೂ ನನ್ನದು.

ಬಾಣಂತಿಯರ ಸಾವಿನ ಕುರಿತ ಅಧ್ಯಯನಗಳನ್ನೂ ಇದೇ ಬೆಳಕಿನಲ್ಲಿ ಓದಬೇಕು. ಗರ್ಭಿಣಿಯರ ತಪಾಸಣೆ, ಆಸ್ಪತ್ರೆ ಹೆರಿಗೆ ಹೆಚ್ಚಿದರೂ ಕೊಪ್ಪಳದಲ್ಲಿ ಬಾಣಂತಿಯರು ಸಾಯುವುದು ಏಕೆ ನಿಲ್ಲುತ್ತಿಲ್ಲ ಎಂದು ಆಶಾ ಜಾರ್ಜ್ 2007ರ ಲೇಖನದಲ್ಲಿ ಕೇಳಿದರು. ಸರಿಯಾದ ಮಾಹಿತಿ ಇಲ್ಲದಿರುವುದು, ಆರೈಕೆ ನಡುನಡುವೆ ಕಡಿದುಹೋಗುವುದು, ಬೆಂಬಲವಿಲ್ಲದ ಕಾರ್ಯಕರ್ತರು, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಗೊತ್ತುಗುರಿಯಿಲ್ಲದೆ ಸಾಗಹಾಕುವುದು, ಹೊಣೆಗಾರಿಕೆ ತಲೆಕೆಳಗಾಗಿರುವುದು, ಇವು ಅವರು ಕಂಡ ಕಾರಣಗಳು. ಮುಂದೆ ಇದೇ ಬಳಗ ಸತ್ತ ಬಾಣಂತಿಯರ ಮನೆಯವರ ಮಾತು, ಕಾರ್ಯಕರ್ತೆಯರ ಮಾತು, ಆಸ್ಪತ್ರೆಯವರ ಮಾತುಗಳನ್ನು ಎದುರುಬದುರು ಇಟ್ಟು ನೋಡುವ ವಿಧಾನ ರೂಪಿಸಿತು. ಒಂದೇ ಘಟನೆಗೆ ನಾಲ್ಕು ಕಥೆ ಹೇಳುವ ಕುರೊಸಾವಾನ ‘ರಶೋಮನ್’ ಚಿತ್ರದ ಹೆಸರನ್ನೇ ಅದಕ್ಕೆ ಬಳಸಿಕೊಂಡರು. ಇಲ್ಲಿ ಒಬ್ಬ ಜಾಗೃತ ಕೇಳುಗ ನನ್ನನ್ನು ತಡೆಯಬಹುದು: ಇದೆಲ್ಲ ಆಸ್ಪತ್ರೆಗಳ ಸೋಲು, ಇದಕ್ಕೂ ಹೆಣ್ಣಿನ ಸಮಯಕ್ಕೂ ಏನು ನಂಟು? ಆಸ್ಪತ್ರೆಗಳ ಸೋಲನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನನಗಿಲ್ಲ. ಆದರೆ ಸರ್ಕಾರ ಲೆಕ್ಕ ಇಡುವುದು ಘಟನೆಗಳನ್ನು. ಒಂದು ತಪಾಸಣೆ, ಒಂದು ಹೆರಿಗೆ, ಒಂದು ಲಸಿಕೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಶೇ. 97 ಹೆರಿಗೆ ಆಸ್ಪತ್ರೆಯಲ್ಲೇ ಆದದ್ದು ಕಾಣುತ್ತದೆ, ಹೆಮ್ಮೆಯ ಅಂಕಿ. ಅದೇ ಸಮೀಕ್ಷೆಯಲ್ಲಿ ರಾಜ್ಯದ ಶೇ. 47.8 ಹೆಂಗಸರಿಗೆ ರಕ್ತಹೀನತೆ. ಮೊದಲನೆಯದು ಒಂದು ದಿನದ ಕೆಲಸ, ಎರಡನೆಯದು ದಿನದಿನದ ಊಟ, ವಿಶ್ರಾಂತಿಗಳ ಫಲ. ಘಟನೆ ಮತ್ತು ಘಟನೆಯ ನಡುವಿನ ಕಾಲವನ್ನು ಯಾರಾದರೂ ಹೊರಲೇಬೇಕು. ಹೊರುತ್ತಿರುವವಳು ಹೆಣ್ಣು, ಲೆಕ್ಕ ಬರೆಯುತ್ತಿರುವವರು ಬೇರೆ.

ನನ್ನ ವಾದಕ್ಕೆ ಎದುರಾಗಬಹುದಾದ ಅತಿ ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ. ಹೆಣ್ಣಿಗೆ ಸಮಯವಿಲ್ಲ ಎನ್ನುತ್ತೀರಿ, ಮತ್ತೆ ಅವಳಿಂದಲೇ ದಿನಕ್ಕೆ ಎಂಟು ತಾಸು ಕೇಳುವ ವಿಧಾನವನ್ನು ಹೊಗಳುತ್ತೀರಿ, ಯಂತ್ರಕ್ಕೆ ಹಣ ಹಾಕಲಾಗದ ಸರ್ಕಾರ ತಾಯಿಯನ್ನೇ ಯಂತ್ರ ಮಾಡಿದಂತಾಗಲಿಲ್ಲವೇ? ಆಕ್ಷೇಪದ ಅರ್ಧ ಸತ್ಯವನ್ನು ಒಪ್ಪಲೇಬೇಕು. ಬರಿಯ ಉಪದೇಶವಾಗಿ ಬಂದರೆ ಕಾಂಗರೂ ಆರೈಕೆ ಬಡ ತಾಯಿಯ ತಲೆಗೆ ಇನ್ನೊಂದು ಹೊರೆ, ಕೂಸು ಸತ್ತರೆ ಅವಳ ಮೇಲೆಯೇ ಹೊರಿಸಲು ಇನ್ನೊಂದು ತಪ್ಪು. ಆದರೆ 2021ರ ಪ್ರಯೋಗ ಯಂತ್ರವಿದ್ದ ಆಸ್ಪತ್ರೆಗಳಲ್ಲೇ ನಡೆದದ್ದು, ಎದೆ ಗೆದ್ದದ್ದು ಯಂತ್ರದ ಎದುರು. ಹಣ ಉಳಿಸುವ ನೆಪ ಎಂದು ಅದನ್ನು ತಳ್ಳಿಹಾಕಲು ಬರುವುದಿಲ್ಲ. ಇನ್ನೂ ಮುಖ್ಯವಾದದ್ದು, ಹಾಲು ತಾಯಿಯದೇ ಆಗಬೇಕು ನಿಜ, ಎದೆಯ ಬಿಸಿ ಯಾರದಾದರೂ ಆದೀತು. ಅಪ್ಪ, ಅಜ್ಜಿ, ಚಿಕ್ಕಮ್ಮ ಯಾರೂ ಎರಡು ತಾಸು ಕಟ್ಟಿಕೊಳ್ಳಬಹುದು. 88 ನಿಮಿಷದ ಮನೆಗೆಲಸದಲ್ಲಿರುವ ಗಂಡಸಿಗೆ ಇದಕ್ಕಿಂತ ಸುಲಭದ, ಗೌರವದ ಕೆಲಸ ಇನ್ನೊಂದಿಲ್ಲ. ನಾಚಿಕೆ ಅಡ್ಡ ಬರುತ್ತದೆ ಎನ್ನುವವರಿಗೆ ಹೇಳುವುದಿಷ್ಟೇ: ಕೂಸಿನ ಜೀವಕ್ಕಿಂತ ದೊಡ್ಡ ನಾಚಿಕೆ ಯಾವುದು?

ನಮ್ಮಲ್ಲಿ ಬಾಣಂತನ ಇದೆಯಲ್ಲ, ತವರಿನಲ್ಲಿ ತಿಂಗಳುಗಟ್ಟಲೆ ವಿಶ್ರಾಂತಿ ಇದೆಯಲ್ಲ ಎಂಬ ಮಾತನ್ನೂ ತಳ್ಳಿಹಾಕುವಂತಿಲ್ಲ. ಹೆತ್ತವಳ ಕೈಗೆ ಕೆಲಸ ಕೊಡಬಾರದು ಎಂಬ ಅರಿವು ನಮ್ಮ ಸಂಪ್ರದಾಯದಲ್ಲಿ ಸರ್ಕಾರಕ್ಕಿಂತ ಬಹಳ ಹಿಂದೆಯೇ ಇತ್ತು. ಅದು ನಡೆಯುವುದು ತವರಿನ ಶಕ್ತಿಯ ಮೇಲೆ. ತವರೂ ಕೂಲಿಯ ಮನೆಯಾದರೆ, ತಾಯಿಯೂ ನಾಟಿಗೆ ಹೋಗುವವಳಾದರೆ, ಎರಡನೆಯ ಮೂರನೆಯ ಹೆರಿಗೆಯಾದರೆ ಬಾಣಂತನ ವಾರಗಳಿಗೆ ಇಳಿಯುತ್ತದೆ. ಸಂಘಟಿತ ವಲಯದ ಉದ್ಯೋಗಿ ಹೆಣ್ಣಿಗೆ 2017ರ ತಿದ್ದುಪಡಿಯಂತೆ 26 ವಾರದ ಸಂಬಳಸಹಿತ ರಜೆ ಇದೆ. ಹೊಲದ ಕೂಲಿಗೆ ಇರುವುದು ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯ, ಮೊದಲ ಹೆರಿಗೆಗೆ 5,000 ರೂಪಾಯಿ. 2025–26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಎಂದು ಹಿಡಿದರೆ ಅದು ಹದಿನಾಲ್ಕು ದಿನದ ದುಡಿಮೆಗೂ ಸಮವಲ್ಲ. ನೆರೆಯ ತಮಿಳುನಾಡು ಮುತ್ತುಲಕ್ಷ್ಮಿ ರೆಡ್ಡಿಯವರ ಹೆಸರಿನ ಯೋಜನೆಯಲ್ಲಿ 18,000 ರೂಪಾಯಿಯ ನೆರವು ಕೊಡುತ್ತಿದೆ, ಆ ರಾಜ್ಯವೇನೂ ದಿವಾಳಿಯಾಗಿಲ್ಲ.

ಹಣ ಒಂದೇ ಸಾಕು ಎಂದು ನಾನು ಹೇಳಲಾರೆ. ಹರಿಯಾಣದ ಫರೀದಾಬಾದ್ ಮತ್ತು ಪಲ್ವಲ್ ಜಿಲ್ಲೆಗಳಲ್ಲಿ 8,000ಕ್ಕೂ ಹೆಚ್ಚು ಕೂಸುಗಳ ಮೇಲೆ ನಡೆದು 2019ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಪ್ರಯೋಗದಲ್ಲಿ, ಮನೆಯಲ್ಲೇ ಆರಂಭಿಸಿದ ಕಾಂಗರೂ ಆರೈಕೆಯಿಂದ ಆರು ತಿಂಗಳೊಳಗಿನ ಸಾವು ಕಾಲು ಭಾಗದಷ್ಟು ಇಳಿಯಿತು. ಅಲ್ಲಿ ಕಾರ್ಯಕರ್ತೆಯರು ಮೊದಲ ವಾರಗಳಲ್ಲಿ ಮತ್ತೆಮತ್ತೆ ಮನೆಗೆ ಹೋಗಿ ತಾಯಿಯೊಡನೆ ಮಾತ್ರವಲ್ಲದೆ ಮನೆಯವರೊಡನೆಯೂ ಕೂತು ಮಾತಾಡಿದರು. ನಮ್ಮ ಆಶಾ ಕಾರ್ಯಕರ್ತೆಗೂ 42 ದಿನದೊಳಗೆ ಆರು ಭೇಟಿ ನಿಗದಿಯಾಗಿದೆ. ಆರೂ ಭೇಟಿ ಮುಗಿಸಿದರೆ ಅವಳಿಗೆ ಗೊತ್ತುಮಾಡಿದ ಪ್ರೋತ್ಸಾಹಧನ 250 ರೂಪಾಯಿ. ಒಬ್ಬ ಹೆಣ್ಣಿನ ಬೆಲೆಯಿಲ್ಲದ ಸಮಯವನ್ನು ಇನ್ನೊಬ್ಬ ಹೆಣ್ಣಿನ ಅರ್ಧ ಬೆಲೆಯ ಸಮಯದಿಂದ ಕಾಪಾಡುವ ಏರ್ಪಾಡು ಇದು. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಚಳಿಗೆ ಕೂತ ಆಶಾಗಳ ಬೇಡಿಕೆಯನ್ನು ಸಂಬಳದ ಜಗಳವೆಂದಷ್ಟೇ ಪತ್ರಿಕೆಗಳು ಬರೆದವು. ಅದು ನಮ್ಮ ಕೂಸುಗಳ ಏಳನೆಯ ದಿನದ ಪ್ರಶ್ನೆಯೂ ಆಗಿತ್ತು.

ಇಷ್ಟೆಲ್ಲ ಹೇಳಿದ್ದು ಸಂಶೋಧಕರನ್ನು ಹೊಗಳಲಿಕ್ಕಲ್ಲ, ಅಧಿಕಾರಿಗಳನ್ನು ಹಳಿಯಲಿಕ್ಕೂ ಅಲ್ಲ. ಜಿಲ್ಲೆಯ ಕೈಯಲ್ಲಿ ಸಾಧನಗಳೂ ಇಲ್ಲದಿಲ್ಲ: 2015ರಿಂದ ಕೊಪ್ಪಳದಲ್ಲಿ ಸರ್ಕಾರಿ ವೈದ್ಯಕೀಯ ಮಹಾವಿದ್ಯಾಲಯವಿದೆ, ಸಂವಿಧಾನದ 371ಜೆ ವಿಧಿಯ ಹೆಸರಿನಲ್ಲಿ ಈ ಭಾಗಕ್ಕೆ ವಿಶೇಷ ಅನುದಾನವಿದೆ. ಉದ್ಯೋಗ ಖಾತ್ರಿ ಕೂಲಿಗಳ ಮಕ್ಕಳಿಗಾಗಿ ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆದಿದೆ. ಒಳ್ಳೆಯ ಕೆಲಸ, ಆದರೆ ಅಲ್ಲಿಗೆ ಕೂಸು ಸೇರುವುದು ಆರು ತಿಂಗಳು ತುಂಬಿದ ಮೇಲೆ. ಎರಡು ಕಿಲೋ ಒಳಗಿನ ಕೂಸಿನ ಅಳಿವು-ಉಳಿವು ಬಹುಮಟ್ಟಿಗೆ ಮೊದಲ ತಿಂಗಳಲ್ಲೇ ತೀರ್ಮಾನವಾಗಿರುತ್ತದೆ. ಆದ್ದರಿಂದ ಇಲ್ಲಿ ಕೂತಿರುವ ಪಂಚಾಯಿತಿ ಸದಸ್ಯರಲ್ಲಿ, ಸ್ತ್ರೀಶಕ್ತಿ ಸಂಘಗಳ ತಾಯಂದಿರಲ್ಲಿ ನನ್ನ ಕೋರಿಕೆ ಎರಡೇ. ಬಿಡುಗಡೆಯಾದ ಏಳನೆಯ ದಿನ ಎಷ್ಟು ಕಡಿಮೆ ತೂಕದ ಕೂಸುಗಳು ಎದೆಯ ಮೇಲಿವೆ ಎಂಬ ಅಂಕಿಯನ್ನು ತಾಲ್ಲೂಕುವಾರು ಪ್ರತಿ ತಿಂಗಳು ಪ್ರಕಟಿಸಿ ಎಂದು ಜಿಲ್ಲಾ ಪಂಚಾಯಿತಿಯನ್ನು ಕೇಳಿ. ಮತ್ತು ಅಂಥ ಕೂಸಿನ ತಾಯಿಗೆ ಮೊದಲ ನಲವತ್ತು ದಿನ ಉದ್ಯೋಗ ಖಾತ್ರಿಯ ದರದಲ್ಲೇ ಕೂಲಿ ಕೊಡುವ ಠರಾವನ್ನು ನಿಮ್ಮ ಮುಂದಿನ ಗ್ರಾಮಸಭೆಯಲ್ಲಿ ಮಂಡಿಸಿ ಸರ್ಕಾರಕ್ಕೆ ಕಳಿಸಿ.