ಕೊನೆಯ ಬೆಂಚಿಗೆ ಕೇಳಿಸುವುದೇ?

ಆಷಾಢದ ಒಂದು ದಿನ, ಕಾರವಾರದಲ್ಲಿಯೋ ಅಂಕೋಲೆಯಲ್ಲಿಯೋ ತಗಡು ಹೊದಿಸಿದ ಶಾಲೆಯೊಂದರ ಕೊನೆಯ ಬೆಂಚಿನ ಮೇಲೆ ನೀವು ಕುಳಿತಿದ್ದೀರಿ ಎಂದು ಭಾವಿಸಿಕೊಳ್ಳಿ. ಮಾಸ್ತರರು ಉಕ್ತಲೇಖನ ಹೇಳುತ್ತಿದ್ದಾರೆ. ಅವರು ‘ಕಾಳು’ ಎಂದರು. ನಿಮ್ಮ ಪಕ್ಕದ ಹುಡುಗ ‘ಕಾಲು’ ಎಂದು ಬರೆದ. ಅದಕ್ಕೆ ಕೆಂಪು ಗೆರೆ ಬಿತ್ತು. ಆದರೆ ನಿಜವಾಗಿ ಆ ತಪ್ಪು ಕೋಣೆಯದು. ಅದನ್ನು ಕುರಿತೇ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮಾತಿನಲ್ಲಿ ಸ್ವರಗಳಿಗೆ ಬಲ ಹೆಚ್ಚು. ಅರ್ಥವನ್ನು ಬೇರ್ಪಡಿಸಿ ತೋರುವ ವ್ಯಂಜನಗಳೋ ಮೆಲುದನಿಯವು, ಕ್ಷಣಮಾತ್ರದವು. ಬರಿಗೋಡೆಯ ಕೋಣೆಯಲ್ಲಿ ಒಂದು ಸ್ವರ ಗೋಡೆಯಿಂದ ಗೋಡೆಗೆ ಪುಟಿಯುತ್ತಿರುವಾಗಲೇ ಮುಂದಿನ ವ್ಯಂಜನ ಹೊರಡುತ್ತದೆ, ಮತ್ತು ಆ ಗುಂಗಿನಲ್ಲಿ ಮುಚ್ಚಿಹೋಗುತ್ತದೆ. ಹೀಗೆ ಉಳಿದುಕೊಳ್ಳುವ ಸದ್ದಿಗೆ ಅನುರಣನವೆಂದು ಹೆಸರು. ಗದ್ದೆಯ ಬಯಲಾಟದಲ್ಲಿ ಭಾಗವತರ ಪದ ಬಿಡಿಬಿಡಿಯಾಗಿ ಕೇಳುವುದೂ, ಅದೇ ಮೇಳ ಕಾಂಕ್ರೀಟಿನ ಸಭಾಭವನಕ್ಕೆ ಬಂದಾಗ ಚಂಡೆಯಲ್ಲಿ ಪದ ಮುಳುಗುವುದೂ ಈ ಕಾರಣದಿಂದಲೇ.

ಇದನ್ನು ಲೆಕ್ಕಕ್ಕೆ ತಂದವನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲೇಸ್ ಸಾಬಿನ್. ಅಲ್ಲಿಯ ಹೊಸ ಉಪನ್ಯಾಸ ಮಂದಿರದಲ್ಲಿ ಮಾತೇ ತಿಳಿಯದಂತಾದಾಗ, 1895ರಲ್ಲಿ ಅದನ್ನು ಸರಿಪಡಿಸುವ ಕೆಲಸ ಅವನ ಪಾಲಿಗೆ ಬಂತು. ಹತ್ತಿರದ ರಂಗಮಂದಿರದಿಂದ ಆಸನದ ಮೆತ್ತೆಗಳನ್ನು ತರಿಸಿ ಹರವುತ್ತ, ಊರು ಮಲಗಿದ ಮೇಲೆ ಆರ್ಗನ್ನಿನ ಕೊಳವೆಯೊಂದನ್ನು ನುಡಿಸಿ, ಅದರ ದನಿ ಅಡಗಲು ಎಷ್ಟು ಸೆಕೆಂಡು ಬೇಕೆಂದು ಅಳೆದನು. ಅವನು ಕಂಡ ಸೂತ್ರ ಸುಲಭವಾದದ್ದು: ಕೋಣೆಯ ಘನಮೀಟರುಗಳನ್ನು 0.16ರಿಂದ ಗುಣಿಸಿ, ಸದ್ದನ್ನು ಹೀರುವ ಒಟ್ಟು ಶಕ್ತಿಯಿಂದ ಭಾಗಿಸಬೇಕು. ತೆರೆದ ಕಿಟಕಿಯ ಒಂದು ಚದರ ಮೀಟರೇ ಆ ಶಕ್ತಿಯ ಅಳತೆ. ಅಲ್ಲಿಂದ ಹೊರಬಿದ್ದ ಸದ್ದು ಮರಳಿ ಬಾರದಷ್ಟೆ.

8 ಮೀಟರು ಉದ್ದ, 6 ಅಗಲ, 3 ಎತ್ತರದ, ಗಾರೆ ಬಳಿದ ತರಗತಿಯೊಂದನ್ನು ತೆಗೆದುಕೊಳ್ಳಿ. ಮುಚ್ಚಿ ಬರಿದಾಗಿದ್ದರೆ ಅನುರಣನ 4 ಸೆಕೆಂಡು ಮೀರುತ್ತದೆ. 40 ಮಕ್ಕಳು ಬಂದು ಕುಳಿತರೆ 1.3ರಷ್ಟಕ್ಕೆ ಇಳಿಯುತ್ತದೆ, 6 ಚದರ ಮೀಟರು ಕಿಟಕಿ ತೆರೆದರೆ 1. ಬೇಕಾದದ್ದು 0.6. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ತರಗತಿಗೆ ಸೂಚಿಸಿದ ಮೇರೆ ಅದು. ಪಾಠ ನಡೆವಾಗ ಬೇರೆ ಸದ್ದು 35 ಡೆಸಿಬೆಲ್ ಮೀರಬಾರದೆಂದೂ ಅದು ಹೇಳಿತು. ಮಾಸ್ತರರ ದನಿ ಕೊನೆಯ ಬೆಂಚಿಗೆ ಮುಟ್ಟುವಾಗ 50ರ ಆಸುಪಾಸು ಇರುತ್ತದೆ. ಸದ್ದಿಗಿಂತ ಮಾತು 15ರಷ್ಟಾದರೂ ಮೇಲಿದ್ದರೆ ಮಕ್ಕಳಿಗೆ ನಿರಾಯಾಸವಾಗಿ ತಿಳಿದೀತು.

ನಮ್ಮ ಕರಾವಳಿಯ ಪೇಚು ಇಲ್ಲಿಯೇ. ಸೆಕೆಗೆ ಕಿಟಕಿ ತೆರೆಯಬೇಕು. ತೆರೆದರೆ ಕಾರವಾರ, ಅಂಕೋಲೆಗಳನ್ನು ಹಾಯ್ದು ಹೋಗುವ 66ನೆಯ ರಾಷ್ಟ್ರೀಯ ಹೆದ್ದಾರಿಯ ಹಾರನ್ನು ಒಳಬರುತ್ತದೆ. ಮುಚ್ಚಿದರೆ ಕೋಣೆ ಗುಂಯ್‌ಗುಟ್ಟುತ್ತದೆ. ಮಳೆಗಾಲದಲ್ಲಿ ಮುಚ್ಚದೆ ಗತಿಯಿಲ್ಲ, ಮೇಲಿನಿಂದ ತಗಡಿನ ಆರ್ಭಟ ಬೇರೆ. ಶಾಲೆ, ಆಸ್ಪತ್ರೆಗಳ ನಿಶ್ಶಬ್ದ ವಲಯಕ್ಕೆ ಹಗಲು 50, ರಾತ್ರಿ 40 ಡೆಸಿಬೆಲ್ ಎಂದು 2000ದ ಶಬ್ದಮಾಲಿನ್ಯ ನಿಯಮಗಳು ಗೊತ್ತುಮಾಡಿದವು. ಆದರೆ ಅದು ಹೊರಗಿನ ಅಳತೆ. ಒಳಗಿನ ಗುಂಗಿಗೆ ಅದರಲ್ಲಿ ಮದ್ದಿಲ್ಲ.

ಇದರಿಂದ ನಷ್ಟ ಯಾರಿಗೆ? ಕಾರವಾರದ ಎಷ್ಟೋ ಮಕ್ಕಳ ಮನೆಮಾತು ಕೊಂಕಣಿ. ಮನೆಮಾತಿನಲ್ಲಿ ಅರ್ಧ ಕೇಳಿಸಿದರೂ ಉಳಿದರ್ಧವನ್ನು ಮನಸ್ಸು ತುಂಬಿಕೊಳ್ಳುತ್ತದೆ. ಆಗಷ್ಟೆ ಕಲಿಯುತ್ತಿರುವ ನುಡಿಯಲ್ಲಿ ಆ ಶಕ್ತಿ ಇನ್ನೂ ಬೆಳೆದಿರುವುದಿಲ್ಲ. ನೆಗಡಿಯಿಂದ ಕಿವಿ ಕಟ್ಟಿದ ಮಗುವಿನ ಪಾಡೂ ಹೀಗೆಯೇ. ಅಂಥವರನ್ನು ನಾವು ಮಂದಬುದ್ಧಿಯವರೆಂದು ಎಣಿಸಿಬಿಡುವುದುಂಟು. ಅತ್ತ ಮಾಸ್ತರರು ದನಿಯೇರಿಸಿ ಗಂಟಲು ಕೆಡಿಸಿಕೊಳ್ಳುತ್ತಾರೆ. ದನಿಯೊಡನೆ ಗುಂಗೂ ಏರುತ್ತದೆಯೇ ಹೊರತು ಮಾತು ಸ್ಪಷ್ಟವಾಗುವುದಿಲ್ಲ.

ಉಪಾಯ ನಮ್ಮ ತೆಂಗಿನ ಮರದಲ್ಲಿಯೇ ಉಂಟು. ಬೆಂಕಿಗೂ ಬೂಸಿಗೂ ಸಂಸ್ಕರಿಸಿದ ದಪ್ಪನೆಯ ನಾರಿನ ಹಲಗೆಯನ್ನು, ಹಿಂದೆ ಗಾಳಿಗೆ ಎಡೆಬಿಟ್ಟು, ಒಳಮಾಡಿನ ಅರ್ಧಭಾಗಕ್ಕೆ ತೂಗಹಾಕಿ. ರಸ್ತೆಯ ಕಡೆಯ ಕಿಟಕಿಗಳನ್ನು ಮುಚ್ಚಿ, ಇನ್ನೊಂದು ಕಡೆಯವನ್ನು ಮಾತ್ರ ತೆರೆದರೂ ಅನುರಣನ 0.6ರ ಸಮೀಪಕ್ಕೆ ಬರುತ್ತದೆ. ತಗಡಿನ ಮಾಡಾದರೆ ಅದರಡಿ ಸಂದಿಲ್ಲದ ಹಲಗೆಯ ಅಟ್ಟ ಮೊದಲು ಬೇಕು. ಒಂದು ಸಾಲು ಗಾಳಿಮರ ಕಣ್ಣಿಗೆ ಹಿತ, ಸದ್ದಿಗೆ ತಡೆಯಲ್ಲ. ರಸ್ತೆಯನ್ನು ಮರೆಮಾಡುವಷ್ಟು ಎತ್ತರದ ಚಿರೇಕಲ್ಲಿನ ಗೋಡೆ ತಡೆ.

ಆಸ್ಪತ್ರೆಯ ವಿಚಾರದಲ್ಲಿ ಫ್ಲಾರೆನ್ಸ್ ನೈಟಿಂಗೇಲಳು 1859ರಲ್ಲಿಯೇ, ಶುಶ್ರೂಷೆಯನ್ನು ಕುರಿತ ತನ್ನ ಪುಸ್ತಕದಲ್ಲಿ ಸದ್ದಿಗಾಗಿಯೇ ಒಂದು ಅಧ್ಯಾಯ ಮೀಸಲಿಟ್ಟಳು. ರಾತ್ರಿ ರೋಗಿಗಳ ಕೋಣೆಯಲ್ಲಿ 30 ಡೆಸಿಬೆಲ್ ಸಾಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ತಳ್ಳುಗಾಡಿಗೆ ರಬ್ಬರಿನ ಗಾಲಿ, ಬಾಗಿಲಿಗೆ ಬಟ್ಟೆಯ ಅಂಚು, ಮೊಬೈಲಿಗೆ ಮೌನ: ಇವಕ್ಕೆ ಹೆಚ್ಚು ಹಣ ಬೇಡ. ಕಚೇರಿಯಲ್ಲಿಯೂ ಅಷ್ಟೆ, ಪಹಣಿಗೆಂದು ಬಂದ ಮುದುಕರು ಗಾಜಿನಾಚೆಯ ಗುಮಾಸ್ತರ ಉತ್ತರ ಕೇಳಿಸದೆ ಮರಳಬಾರದು.

ನಾಳೆಯೇ ನೀವು ಒಂದು ಪರೀಕ್ಷೆ ಮಾಡಬಹುದು. ಮಾಸ್ತರರ ಮೇಜಿನ ಬಳಿ ನಿಂತು, ತುಟಿ ಕಾಣದಂತೆ ಕಾಗದ ಹಿಡಿದು, ಒಂದಕ್ಕೊಂದು ಸಂಬಂಧವಿಲ್ಲದ ಹತ್ತು ಪದಗಳನ್ನು ಸಹಜ ದನಿಯಲ್ಲಿ ಓದಿ. ಕೊನೆಯ ಬೆಂಚಿನವರು ಬರೆಯಲಿ. ಮುಂದಿನ ಬೆಂಚಿನವರ ಹಾಳೆಯೊಡನೆ ಹೋಲಿಸಿ ನೋಡಿ. ವ್ಯತ್ಯಾಸ ಕಂಡರೆ, ಆ ಹಾಳೆಗಳನ್ನೇ ಹಿಡಿದು ಶಾಲಾಭಿವೃದ್ಧಿ ಸಮಿತಿಯ ಮುಂದಿನ ಸಭೆಗೆ ಹೋಗಿ.