ಆಸ್ಪತ್ರೆ ಕಡತ ಓದುವ ಸಬ್ ಕಾಂಟ್ರಾಕ್ಟ್ ಕೆಲಸ

(ಮಣ್ಣಗುಡ್ಡದಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನರ್ಸಿಂಗ್ ಓದುತ್ತಿರುವ ನಮ್ಮ ಮಕ್ಕಳಲ್ಲಿ ಮುಂದೇನು ಎಂದು ಕೇಳಿದರೆ ಉತ್ತರ ಎರಡೇ: ಇಲ್ಲಿಯ ಆಸ್ಪತ್ರೆ, ಇಲ್ಲವೇ ಗಲ್ಫ್. ಮಗುವಾದ ಮೇಲೆ ರಾತ್ರಿ ಪಾಳಿಗೆ ಹೋಗಲಾಗದೆ ಸರ್ಟಿಫಿಕೇಟನ್ನು ಕಪಾಟಿನಲ್ಲಿಟ್ಟವರೂ ನಿಮ್ಮ ಮನೆಗಳಲ್ಲಿದ್ದಾರೆ. ಅವರಿಗಾಗಿ ಈ ಮಾತು.

ಅಮೆರಿಕದಲ್ಲಿ ಲೀಗಲ್ ನರ್ಸ್ ಕನ್ಸಲ್ಟಿಂಗ್ ಎಂಬ ವೃತ್ತಿಯಿದೆ. 1989ರಲ್ಲೇ ಅವರ ಸಂಘ ಹುಟ್ಟಿತು. ಚಿಕಿತ್ಸೆಯ ಲೋಪ, ಅಪಘಾತ ಪರಿಹಾರದ ಮೊಕದ್ದಮೆಗಳಲ್ಲಿ ನೂರಾರು ಪುಟಗಳ ಆಸ್ಪತ್ರೆ ಕಡತ ವಕೀಲರ ಮೇಜಿಗೆ ಬರುತ್ತದೆ. ಜ್ವರ ಎಷ್ಟು ಗಂಟೆಗೆ ಏರಿತು, ವೈದ್ಯರಿಗೆ ಯಾವಾಗ ತಿಳಿಸಿದರು, ಬರೆದ ಔಷಧಿ ಕೊಟ್ಟರೋ ಇಲ್ಲವೋ, ಇವನ್ನೆಲ್ಲ ಹುಡುಕಿ ತಾರೀಕು, ಗಂಟೆಗಳ ಕ್ರಮದಲ್ಲಿ ಬರೆದುಕೊಡುವವರು ನರ್ಸ್. ತೀರ್ಪು ಹೇಳುವುದು ಅವರ ಕೆಲಸವಲ್ಲ.

ನಮ್ಮಲ್ಲೂ ಇದರ ಅಗತ್ಯವಿದೆ. ಹಣ ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾನೂನಿಗೆ ಒಳಪಡುತ್ತದೆಂದು 1995ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 1990ರಲ್ಲಿ ಹೈದರಾಬಾದಿನಲ್ಲಿ ಶಸ್ತ್ರಕ್ರಿಯೆಯ ನಂತರ ಕಾಲುಗಳ ಸ್ವಾಧೀನ ಕಳೆದುಕೊಂಡ ಪ್ರಶಾಂತ್ ಧನಂಕ ಆಗ ಇಂಜಿನಿಯರಿಂಗ್ ವಿದ್ಯಾರ್ಥಿ. ಮುಂದೆ ಬೆಂಗಳೂರಿನಲ್ಲಿ ಉದ್ಯೋಗಕ್ಕೆ ಸೇರಿದ ಅವರು ಗಾಲಿಕುರ್ಚಿಯಲ್ಲಿ ಕುಳಿತೇ ಸುಪ್ರೀಂ ಕೋರ್ಟಿನಲ್ಲಿ ಸ್ವತಃ ವಾದಿಸಿದರು. 2009ರಲ್ಲಿ ಒಂದು ಕೋಟಿ ರೂಪಾಯಿ ಪರಿಹಾರ ದೊರೆಯಿತು. ಪರೀಕ್ಷೆಗೆಂದು ಕೊಟ್ಟ ಒಪ್ಪಿಗೆ ಗಡ್ಡೆಯನ್ನೇ ತೆಗೆಯಲು ಕೊಟ್ಟ ಒಪ್ಪಿಗೆಯಾಗದು ಎಂಬುದು ಅಲ್ಲಿ ಮುಖ್ಯ ಅಂಶವಾಯಿತು. ನೋಡಿ, ಕಡತದ ಒಂದು ಹಾಳೆಗೆ ಎಷ್ಟು ತೂಕ! ರೋಗಿ ಕೇಳಿದರೆ 72 ಗಂಟೆಗಳೊಳಗೆ ದಾಖಲೆ ಕೊಡಬೇಕೆಂದು 2002ರ ವೈದ್ಯಕೀಯ ನಿಯಮವೇ ಹೇಳುತ್ತದೆ. ಕೈಗೆ ಬಂದದ್ದನ್ನು ಓದಬಲ್ಲವರು ಎಷ್ಟು ಮಂದಿ?

ಆದರೆ ಪ್ರತ್ಯೇಕ ವೃತ್ತಿಯಾಗಿ ಇದು ಇಲ್ಲಿ ಬೇರೂರಿಲ್ಲ. ಹೊಸಬರಿಗೆ ಸಿಗುವುದು ಹೆಚ್ಚಾಗಿ ಹೊರದೇಶದ ಕಡತ, ಅದೂ ಸಬ್ ಕಾಂಟ್ರಾಕ್ಟಿನಲ್ಲಿ. ಮನೆ ಕಟ್ಟುವ ಕಾಂಟ್ರಾಕ್ಟರು ಟೈಲ್ಸ್ ಕೆಲಸವನ್ನು ಇನ್ನೊಬ್ಬರಿಗೆ ವಹಿಸುವುದಿಲ್ಲವೇ, ಹಾಗೆ. ವಕೀಲರು ನಿಮ್ಮನ್ನು ನೋಡಿರುವುದಿಲ್ಲ, ವರದಿಯಲ್ಲಿ ನಿಮ್ಮ ಹೆಸರೂ ಇರಲಿಕ್ಕಿಲ್ಲ. ಆದ್ದರಿಂದ ಮೊದಲೇ ಕೇಳಿ: ಸಂಭಾವನೆ ಗಂಟೆಗೋ, ಪುಟಕ್ಕೋ? ವಕೀಲರು ಹಣ ತಡಮಾಡಿದರೆ ನಿಮ್ಮದೂ ತಡವೇ? ತಿದ್ದಿ ಮತ್ತೆ ಬರೆದುದಕ್ಕೆ ದುಡ್ಡುಂಟೇ? ಕೇಳಲು ಸಂಕೋಚಪಡುವುದು ನಮ್ಮ ಹೆಣ್ಣುಮಕ್ಕಳ ಅಭ್ಯಾಸ, ಅದು ಹೋಗಬೇಕು. ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ, ಅಲ್ ಬಕರ ಅಧ್ಯಾಯದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆಯೇ ಇದೆ. ಪರಿಚಿತರೆಂದು ಬಾಯಿಮಾತಿಗೆ ಒಪ್ಪಿಕೊಳ್ಳಬೇಡಿ.

ರೋಗಿಯ ಗುಟ್ಟು ನಿಮ್ಮ ಕೈಯಲ್ಲಿರುವ ಅಮಾನತ್. ಮನೆಮಂದಿಯೆಲ್ಲ ಬಳಸುವ ಕಂಪ್ಯೂಟರಿನಲ್ಲಿ ಕಡತ ತೆರೆದಿಡಬಾರದು. ಮೊಕದ್ದಮೆಯ ಆಸ್ಪತ್ರೆಯಲ್ಲಿ ನೀವು ದುಡಿದಿದ್ದರೆ ಮುಂಚಿತವಾಗಿ ತಿಳಿಸಿಬಿಡಿ.

ನಾನು ನರ್ಸ್ ಅಲ್ಲ, ಉರ್ದು, ಕನ್ನಡ ಕಲಿಸುವ ಟೀಚರ್. ನನಗೆ ಕಾಣುವುದು ಭಾಷೆಯ ಕೊರತೆ. ಕಂಡದ್ದನ್ನು ಕ್ರಮವಾಗಿ ಬರೆಯುವುದು ಅಭ್ಯಾಸದಿಂದ ಬರುತ್ತದೆ. ನರ್ಸಿಂಗ್ ಓದುವವರು ವಾರ್ಡಿನ ಒಂದು ದಿನವನ್ನು, ರೋಗಿಯ ಹೆಸರಿಲ್ಲದೆ, ಗಂಟೆಗಳ ಲೆಕ್ಕದಲ್ಲಿ ಒಂದು ಪುಟ ಕನ್ನಡದಲ್ಲಿ ಬರೆದು ತನ್ನಿ. ಕುಳಿತು ತಿದ್ದೋಣ.